ಊರ ಬಾಗಿಲಲ್ಲಿ ನಿಂತುಹೋದ ಚಕ್ರ

(ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ಕನ್ನಡ ಬಳಗದವರು ನವೆಂಬರ್ ತಿಂಗಳಲ್ಲಿ ನಡೆಸಿದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಭಾಗ ಆಮೇಲೆ ಸೇರಿಸಿದ್ದು.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಕರೆಯಲು ಫೋನ್ ಮಾಡಿದ ಹುಡುಗ ಒಂದು ಮಾತು ಹೇಳಿದ. "ಸರ್, ರಾಜ್ಯೋತ್ಸವ ಅಂತ ಬರೀ ನಾಡು, ನುಡಿ ಬೇಡ. ಸ್ವಲ್ಪ ಮೋಟಿವೇಷನಲ್ ಆಗಿ ಏನಾದರೂ ಹೇಳಿ." ನಾನು ತುಮಕೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ 31 ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದ ಮೇಷ್ಟ್ರು. ನನಗೆ ಗೊತ್ತಿದ್ದ ಮೋಟಿವೇಷನ್ ಅಂದರೆ ಬೆತ್ತ ಒಂದೇ. ಅದನ್ನೂ ಆಮೇಲೆ ಸರ್ಕಾರ ಬೇಡ ಅಂತು.

ಈಗ ಮೇಲೆ ಬರುವಾಗ ಲಿಫ್ಟಿನಲ್ಲಿ ನಿಮ್ಮಲ್ಲೊಬ್ಬರು ಜೊತೆಗಿದ್ದರು. ಮಾತಿಗೆ ಮಾತು ಬಂದು, ಹೋದ ತಿಂಗಳು ಪ್ರಮೋಷನ್ ಆಯಿತು ಅಂದರು. "ಖುಷೀನಾ?" ಅಂದೆ. ನಾಲ್ಕನೇ ಮಹಡಿಯಲ್ಲಿ ಕೇಳಿದ ಪ್ರಶ್ನೆ. ಒಂಬತ್ತನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಉತ್ತರ ಬಂತು. "ಪರವಾಗಿಲ್ಲ ಸರ್."

ಆ "ಪರವಾಗಿಲ್ಲ" ಕೇಳಿದ ಮೇಲೆ ನಾನು ಬರೆದುಕೊಂಡು ಬಂದಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡೆ. ಇಲ್ಲಿರುವವರಿಗೆ ಮೋಟಿವೇಷನ್ ಕಮ್ಮಿಯಾಗಿಲ್ಲ. ಕಾಯಿಲೆ ಇದ್ದರೆ ಅದು ಜಾಸ್ತಿಯಾಗಿ ಬಂದ ಕಾಯಿಲೆ. ಬೇಕು ಅಂದಿದ್ದು ಕೈಗೆ ಬಂದ ಮೇಲೂ ಬಾಯಲ್ಲಿ "ಪರವಾಗಿಲ್ಲ" ಯಾಕೆ ಬರುತ್ತದೆ? ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಕಥೆ. ನಮ್ಮದೇ ಕಥೆ, ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಬರುತ್ತದೆ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದರು, ಗೋಡೆ ತೆಳ್ಳಗಿತ್ತು, ನಾನು ಇತ್ತ ಲೆಕ್ಕ ಬರೆಸುತ್ತಾ ಅತ್ತ ಕೇಳಿಸಿಕೊಂಡದ್ದು.

ಭರತ ಆದಿನಾಥನ ಹಿರಿಯ ಮಗ. ಅವನಿಗೆ ಚಕ್ರರತ್ನ ಸಿಕ್ಕಿತು. ಚಕ್ರ ಮುಂದೆ ಮುಂದೆ, ಸೈನ್ಯ ಹಿಂದೆ ಹಿಂದೆ. ಆರು ಖಂಡಗಳನ್ನೂ ಗೆದ್ದ. ಗೆದ್ದವರು ವೃಷಭಾಚಲ ಎಂಬ ಬೆಟ್ಟದ ಮೇಲೆ ಹೆಸರು ಕೆತ್ತಿಸುವುದು ಪದ್ಧತಿ. ಇಂಥ ಗೆಲುವು ತನ್ನೊಬ್ಬನದೇ ಅಂದುಕೊಂಡು ಹೋದ. ಹೋಗಿ ನೋಡಿದರೆ ಬೆಟ್ಟದಲ್ಲಿ ಜಾಗವೇ ಇಲ್ಲ. ಹಿಂದೆ ಹಿಂದಿನ ಕಾಲದಲ್ಲಿ ಹೀಗೇ ಭೂಮಿಯನ್ನೆಲ್ಲ ಗೆದ್ದು ಹೋದ ಚಕ್ರವರ್ತಿಗಳ ಹೆಸರು ಒತ್ತೊತ್ತಾಗಿ ತುಂಬಿವೆ. ಅವನ ಗರ್ವ ಅಲ್ಲೇ ಇಳಿದುಹೋಯಿತು.

ಇಳಿದ ಮೇಲೆ ಏನು ಮಾಡಿದ ಗೊತ್ತಾ? ಹಳೆಯದೊಂದು ಹೆಸರನ್ನು ಅಳಿಸಿ ಅಲ್ಲಿ ತನ್ನ ಹೆಸರು ಬರೆಸಿದ.

ನನಗೆ ಈ ಜಾಗದಲ್ಲಿ ಪ್ರತಿಸಲ ನಗು ಬರುತ್ತದೆ, ಆಮೇಲೆ ಸ್ವಲ್ಪ ಭಯವಾಗುತ್ತದೆ. ಇದರಲ್ಲಿ ಏನೂ ಇಲ್ಲ ಅಂತ ಅವನಿಗೆ ಗೊತ್ತಾಗಿದೆ. ನಾಳೆ ಇನ್ನೊಬ್ಬ ಬಂದು ನನ್ನದನ್ನೂ ಅಳಿಸುತ್ತಾನೆ ಅಂತಲೂ ಗೊತ್ತಾಗಿರಬೇಕು. ಆದರೂ ಕೈ ಸುಮ್ನೆ ಇರಲಿಲ್ಲ. ಇಷ್ಟು ದೂರ ಬಂದಿದ್ದೇನೆ, ಬರೆಸದೆ ವಾಪಸ್ ಹೋಗೋದು ಹೇಗೆ?

ಸರಿ, ಊರಿಗೆ ಹೊರಟ. ಅಯೋಧ್ಯೆಯ ಬಾಗಿಲು ಬಂತು. ಒಳಗೆ ಎಲ್ಲರೂ ಕಾಯುತ್ತಿದ್ದಾರೆ. ಚಕ್ರ ಅಲ್ಲೇ ನಿಂತುಬಿಟ್ಟಿತು. ಪ್ರಪಂಚವನ್ನೆಲ್ಲ ಸುತ್ತಿ ಬಂದ ಚಕ್ರ ಸ್ವಂತ ಊರಿನ ಹೊಸಿಲು ದಾಟಲಿಲ್ಲ. ಯಾಕೆ ಅಂತ ಕೇಳಿದರೆ ಪುರೋಹಿತ ಹೇಳಿದ, ನಿನ್ನ ತಮ್ಮಂದಿರು ಇನ್ನೂ ನಿನಗೆ ತಲೆಬಾಗಿಲ್ಲ, ಗೆಲುವು ಪೂರ್ತಿಯಾಗಿಲ್ಲ ಅಂತ.

ನಿಮ್ಮಲ್ಲಿ ಎಷ್ಟು ಜನ ರಾತ್ರಿ ಮನೆಗೆ ಹೋಗಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹತ್ತು ನಿಮಿಷ ಸುಮ್ನೆ ಒಳಗೇ ಕೂತಿರುತ್ತೀರಿ? ಕೈ ಎತ್ತಬೇಡಿ. ನನ್ನ ಹಳೆಯ ಶಿಷ್ಯರಲ್ಲಿ ಮೂವರು ಬೇರೆ ಬೇರೆ ಸಮಯದಲ್ಲಿ ಈ ಒಂದೇ ಮಾತು ನನಗೆ ಹೇಳಿದ್ದಾರೆ. ಚಕ್ರ ಬಾಗಿಲಲ್ಲಿ ನಿಲ್ಲುವುದು ಅಂದರೆ ಅದೇ ಇರಬೇಕು.

ಪುರಾಣ ಬೇಡ, ಮೊನ್ನೆ ಮೊನ್ನೆಯದು ಹೇಳಿ ಅನ್ನುತ್ತೀರಾ? 2008, ಆಗಸ್ಟ್ 11, ಬೀಜಿಂಗ್. ಹತ್ತು ಮೀಟರ್ ಏರ್ ರೈಫಲ್ ಫೈನಲ್. ಕೊನೆಯ ಹೊಡೆತಕ್ಕೆ ಮುಂಚೆ ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್‌ಲೆಂಡಿನ ಹೆನ್ರಿ ಹ್ಯಾಕಿನೆನ್ ಇಬ್ಬರದೂ ಒಂದೇ ಸ್ಕೋರು. ಒಂದು ಹೊಡೆತಕ್ಕೆ ಹೆಚ್ಚೆಂದರೆ 10.9. ಬಿಂದ್ರಾ ಹೊಡೆದದ್ದು 10.8. ಒಲಿಂಪಿಕ್ಸಿನಲ್ಲಿ ಭಾರತೀಯನೊಬ್ಬ ಒಬ್ಬನೇ ಗೆದ್ದ ಮೊದಲ ಚಿನ್ನ ಅದು. ಅವರಿಗೆ ಆಗ 25 ವರ್ಷ. ನಾವು ಶಾಲೆಯಲ್ಲಿ ಅವತ್ತು ಕೊನೆಯ ಪೀರಿಯಡ್ ಬಿಟ್ಟು ಟಿ.ವಿ. ಹಾಕಿದ್ದೆವು.

ಆಮೇಲಿನದು ನಮಗೆ ಟಿ.ವಿ.ಯಲ್ಲಿ ಕಾಣಲಿಲ್ಲ. ಬದುಕಿನ ದೊಡ್ಡ ಮಾನಸಿಕ ಕಷ್ಟ ನನಗೆ ಬಂದದ್ದು ಸೋತಾಗ ಅಲ್ಲ, ಗೆದ್ದ ಮೇಲೆ ಎಂಬರ್ಥದ ಮಾತನ್ನು ಬಿಂದ್ರಾ ಆಮೇಲೆ ಎಷ್ಟೋ ಕಡೆ ಹೇಳಿದ್ದಾರೆ. ಹುಡುಗನಾಗಿದ್ದಾಗಿನಿಂದ ಒಂದೇ ಗುರಿ. ಏಳುವುದು, ತಿನ್ನುವುದು, ಮಲಗುವುದು ಎಲ್ಲ ಅದಕ್ಕಾಗಿ. ಒಂದು ದಿನ ಅದು ಆಗಿಹೋಯಿತು. ಮಾರನೆ ದಿನ ಬೆಳಗ್ಗೆ ಏಳುವುದು ಯಾತಕ್ಕೆ?

ಇದಕ್ಕೂ ನಾಲ್ಕು ವರ್ಷ ಮುಂಚೆ ಅಥೆನ್ಸಿನ ಫೈನಲ್‌ನಲ್ಲಿ ಅವರು ಏಳನೆಯವರಾಗಿದ್ದರು. ಆ ದುಃಖ ನಮಗೆಲ್ಲ ಅರ್ಥವಾಗುತ್ತದೆ. ಸೋತವನ ಮನೆಗೆ ನಾಲ್ಕು ಜನ ಬಂದು ಸಮಾಧಾನ ಹೇಳುತ್ತಾರೆ. ಗೆದ್ದವನ ಮನೆಗೆ ಸ್ವೀಟ್ ತಗೊಂಡು ಬರುತ್ತಾರೆ. ಅವನು ಯಾರ ಹತ್ತಿರ ಅಳಬೇಕು? 28 ಪದಕ, ಅದರಲ್ಲಿ 23 ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ಕೂಡ ಒಲಿಂಪಿಕ್ಸ್ ಮುಗಿದ ಮೇಲೆ ಕುಸಿದು ಹೋಗುತ್ತಿದ್ದೆ ಅಂತ ಹೇಳಿಕೊಂಡಿದ್ದಾರೆ. ಹಾಗಾಗಿ ಇದು ಒಬ್ಬರ ದೌರ್ಬಲ್ಯ ಅಲ್ಲ.

ಈಗ ನನ್ನ ತಪ್ಪೊಪ್ಪಿಗೆ.

ನಮ್ಮ ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ನನ್ನ ಒಬ್ಬ ವಿದ್ಯಾರ್ಥಿನಿಗೆ 624 ಬಂತು. ಹೋದ ಒಂದು ಅಂಕ ಕನ್ನಡದಲ್ಲಿ, ಗಣಿತದಲ್ಲಲ್ಲ ಅಂತ ನನಗೆ ಒಳಗೊಳಗೇ ಸಮಾಧಾನ. ಮೇಷ್ಟ್ರ ಬುದ್ಧಿ. ಮನೆಗೆ ಹೋದೆ. ಹಜಾರದಲ್ಲಿ ಅವರಪ್ಪ ಬೀದಿಯವರಿಗೆಲ್ಲ ಮೈಸೂರು ಪಾಕ್ ಹಂಚುತ್ತಿದ್ದಾರೆ. ಹುಡುಗಿ ಒಳಕೋಣೆಯಲ್ಲಿ ಮಂಚದ ಮೇಲೆ ಗೋಡೆ ಕಡೆ ತಿರುಗಿ ಅಳುತ್ತಾ ಮಲಗಿದ್ದಾಳೆ. ಮರುಮೌಲ್ಯಮಾಪನಕ್ಕೆ ಹಾಕಿದರು. ಆ ಒಂದು ಅಂಕವೂ ಬಂತು. ಅವಳೇ ಫೋನ್ ಮಾಡಿದಳು.

"ಸರ್, ಬಂತು."

"ಖುಷಿ ಆಯ್ತೇನಮ್ಮ?"

"ಆಯ್ತು ಸರ್. ಆದ್ರೆ ಪೇಪರಲ್ಲಿ ಫೋಟೊ ಹಾಕೋ ದಿನ ಆಗೋಯ್ತಲ್ಲ."

625ಕ್ಕೆ 625. ಇನ್ನು ಮೇಲೆ ಅಂಕವೇ ಇಲ್ಲ. ಆದರೂ ಅವಳು ಅರ್ಧ ನಿಮಿಷದಲ್ಲಿ ಒಂದು ಕೊರತೆ ಹುಡುಕಿದಳು. ನಾನು ಫೋನ್ ಇಟ್ಟ ಮೇಲೆ ಯೋಚನೆ ಮಾಡಿದೆ. ಈ ವಿದ್ಯೆ ಇವಳಿಗೆ ಕಲಿಸಿದವರು ಯಾರು?

ನಾನೇ. ಹತ್ತು ಲೆಕ್ಕದಲ್ಲಿ ಒಂಬತ್ತು ಸರಿ ಇದ್ದರೆ ಒಂಬತ್ತಕ್ಕೂ ಒಂದು ಗೀಟು ಎಳೆದು, ತಪ್ಪಾದ ಹತ್ತನೆಯದರ ಸುತ್ತ ಕೆಂಪು ಇಂಕಿನಲ್ಲಿ ದೊಡ್ಡ ಸೊನ್ನೆ ಸುತ್ತುತ್ತಿದ್ದೆ. 98 ತಗೊಂಡವರಿಗೆ "ಉಳಿದ ಎರಡು ಎಲ್ಲಿ ಹೋಯ್ತು?" ಅನ್ನುತ್ತಿದ್ದೆ. ತಮಾಷೆಗೆ ಅಂದದ್ದು. ಮಕ್ಕಳು ತಮಾಷೆಯಾಗಿ ತಗೊಳ್ಳಲಿಲ್ಲ.

ನಾನೊಬ್ಬನೇ ಅಲ್ಲ. ಚಂದ್ರನ ಮೇಲೆ ಇಳಿದ ಎರಡನೆಯ ಮನುಷ್ಯ ಬಜ್ ಆಲ್ಡ್ರಿನ್. ಅವರು 1951ರಲ್ಲಿ ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಇಡೀ ತಂಡಕ್ಕೆ ಮೂರನೆಯವರಾಗಿ ಪಾಸಾದರು. ಸುದ್ದಿ ಕೇಳಿದ ಅಪ್ಪ, "ಮೊದಲ ಎರಡು ಯಾರಿಗೆ ಬಂತು?" ಅಂದರಂತೆ. ಆಲ್ಡ್ರಿನ್ ಬಗ್ಗೆ ಬರೆಯುವವರು ಮತ್ತೆ ಮತ್ತೆ ಹೇಳುವ ಕಥೆ ಇದು. ಓದಿದಾಗ ನನಗೆ ಬೆವರು ಬಂತು. ಆ ಅಪ್ಪನ ಬಾಯಲ್ಲಿ ನನ್ನದೇ ಮಾತು.

ಹದಿನೆಂಟು ವರ್ಷ ಕಳೆದು 1969ರಲ್ಲಿ ಆ ಮಗ ಚಂದ್ರನ ಮೇಲೆ ಕಾಲಿಟ್ಟ. ಆರ್ಮ್‌ಸ್ಟ್ರಾಂಗ್ ಇಳಿದ ಸುಮಾರು 20 ನಿಮಿಷಕ್ಕೆ. ವಾಪಸ್ ಬಂದ ಮೇಲೆ ಖಿನ್ನತೆ, ಕುಡಿತ. ಅದನ್ನು ಅವರು ಮುಚ್ಚಿಡದೆ ಬರೆದರು. 1978ರಲ್ಲಿ ಕುಡಿತ ಬಿಟ್ಟರು. ಎರಡನೆಯವರಾದದ್ದೇ ಖಿನ್ನತೆಗೆ ಕಾರಣ ಅಂತ ನಾನು ಹೇಳುತ್ತಿಲ್ಲ. ಅವರ ತಾಯಿಯ ಕಡೆ ಆ ಕಾಯಿಲೆ ಇತ್ತು. ಆದರೆ ಚಂದ್ರನವರೆಗೆ ಹೋಗಿ ಬಂದವನನ್ನು ಜನ ನೋಡಿದ ರೀತಿಯಲ್ಲೂ "ಎರಡನೆಯ" ಅನ್ನುವ ಪದ ಅಂಟಿಕೊಂಡೇ ಇತ್ತು. ನಾನೂ ಈಗ ಪರಿಚಯ ಮಾಡಿಕೊಡುವಾಗ ಹಾಗೇ ಹೇಳಿದೆ, ಗಮನಿಸಿದಿರಾ?

1992ರ ಬಾರ್ಸಿಲೋನಾ ಒಲಿಂಪಿಕ್ಸಿನ ವಿಡಿಯೋ ಇಟ್ಟುಕೊಂಡು ಮನಶ್ಶಾಸ್ತ್ರದವರು ಪದಕ ಗೆದ್ದವರ ಮುಖಗಳನ್ನು ಅಳೆಸಿದರು. ಬೆಳ್ಳಿಯವರಿಗಿಂತ ಕಂಚಿನವರೇ ಜಾಸ್ತಿ ಖುಷಿಯಾಗಿ ಕಂಡರು. ಬೆಳ್ಳಿಯವನು ಮೇಲೆ ನೋಡುತ್ತಾನೆ, ಚಿನ್ನ ತಪ್ಪಿತು. ಕಂಚಿನವನು ಕೆಳಗೆ ನೋಡುತ್ತಾನೆ, ಸದ್ಯ, ಪದಕವಾದರೂ ಬಂತು. ಇದನ್ನು ನೀವು ಮೊದಲೇ ಕೇಳಿರುತ್ತೀರಿ, ಜಾಸ್ತಿ ಹೇಳುವುದಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ನಿಮ್ಮನ್ನು ಇಲ್ಲಿಗೆ ತಂದ ಗುಣವೇ ಇಲ್ಲಿ ಕೂತು ಉಣ್ಣಲು ಬಿಡುತ್ತಿಲ್ಲ. ಕೊರತೆ ಹುಡುಕುವ ಕಣ್ಣು ಇದ್ದದ್ದಕ್ಕೇ ನೀವು ಗೆದ್ದಿರಿ. ನಿಮ್ಮ ಕೆಲಸದಲ್ಲೇ ನೋಡಿ. ಯಾರೋ 500 ಸಾಲು ಕೋಡ್ ಬರೆದಿರುತ್ತಾರೆ. ರಿವ್ಯೂ ಮಾಡುವವರು ಚೆನ್ನಾಗಿರುವ 497 ಸಾಲಿನ ಮೇಲೆ ಕಾಮೆಂಟ್ ಹಾಕುತ್ತಾರಾ? ಹಾಕಬೇಕಾಗಿಯೂ ಇಲ್ಲ, ಅದು ಅವರ ಕೆಲಸ ಅಲ್ಲ. ತೊಂದರೆ ಏನು ಅಂದರೆ, ಆ ಕಣ್ಣನ್ನು ಆಫೀಸಿನ ಡ್ರಾಯರಿನಲ್ಲಿಟ್ಟು ಮನೆಗೆ ಹೋಗಲು ಬರುವುದಿಲ್ಲ. ಹೆಂಡತಿಯನ್ನು, ಗಂಡನನ್ನು, ಮಗುವಿನ ಪ್ರೋಗ್ರೆಸ್ ಕಾರ್ಡನ್ನು, ಕೊನೆಗೆ ಕನ್ನಡಿಯಲ್ಲಿ ಕಾಣುವ ಮುಖವನ್ನು ಅದೇ ಕಣ್ಣು ನೋಡುತ್ತದೆ. ಅಲ್ವಾ?

ಇನ್ನೊಂದು ಗುಣ ಮುಂದೂಡುವುದು. ಪರೀಕ್ಷೆ ಆಗಲಿ ಆಮೇಲೆ ಆಟ. ಸೀಟ್ ಸಿಗಲಿ ಆಮೇಲೆ ನಿದ್ದೆ. ಕೆಲಸ ಸಿಗಲಿ, ಸೈಟ್ ಆಗಲಿ, ಲೋನ್ ತೀರಲಿ. ಮುಂದೂಡಲು ಬಂದವರು ಮಾತ್ರ ಗೆಲ್ಲುತ್ತಾರೆ, ಅದರಲ್ಲಿ ಅನುಮಾನ ಬೇಡ. ಆದರೆ 20 ವರ್ಷ ಮುಂದೂಡಿದ ಮೇಲೆ ಒಂದು ದಿನ "ಸರಿ, ಈಗ ಖುಷಿ ಪಡು" ಅಂದರೆ ಮನಸ್ಸಿಗೆ ಗೊತ್ತಾಗುವುದಿಲ್ಲ, ಅದಕ್ಕೆ ಅಭ್ಯಾಸ ತಪ್ಪಿಹೋಗಿದೆ.

ಒಂದು ಪ್ರಯೋಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಷ್ಟ್ರಾಗಿ ನನ್ನ ನಿದ್ದೆ ಕೆಡಿಸಿದ ಪ್ರಯೋಗ ಅದು. ಅಮೆರಿಕದ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮಾಡಿದ್ದು, ಪ್ರಕಟವಾದದ್ದು 1973ರಲ್ಲಿ. ಚಿತ್ರ ಬರೆಯುವುದು ಅಂದರೆ ಪ್ರಾಣ ಬಿಡುವಂಥ ಪುಟ್ಟ ಮಕ್ಕಳನ್ನೇ ಆರಿಸಿಕೊಂಡರು. ಒಂದು ಗುಂಪಿಗೆ, ಚಿತ್ರ ಬರೆದರೆ ರಿಬ್ಬನ್ ಅಂಟಿಸಿದ ಚಂದದ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಏನೂ ಹೇಳದೆ, ಬರೆದ ಮೇಲೆ ಅದೇ ಸರ್ಟಿಫಿಕೇಟ್ ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು, ಯಾರೂ ಬಲವಂತ ಮಾಡದ ಆಟದ ಹೊತ್ತಿನಲ್ಲಿ ಆ ಬಣ್ಣದ ಪೆನ್ನುಗಳನ್ನು ಮೇಜಿನ ಮೇಲೆ ಸುಮ್ನೆ ಇಟ್ಟು, ಮರೆಯಲ್ಲಿ ನಿಂತು ನೋಡಿದರು. ಮೊದಲೇ ಬಹುಮಾನದ ಆಸೆ ತೋರಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತೂ ಚಿತ್ರ ಬರೆದರೋ ಇಲ್ಲವೋ ಅನ್ನುವಂತಿತ್ತು. ಉಳಿದ ಎರಡು ಗುಂಪಿನವರು ಮೊದಲಿನಂತೆಯೇ ಬರೆಯುತ್ತಿದ್ದರು.

ಬಹುಮಾನ ಸಿಕ್ಕಿದ್ದರಿಂದ ತೊಂದರೆಯಾಗಲಿಲ್ಲ. ಬಹುಮಾನಕ್ಕಾಗಿ ಬರೆದದ್ದರಿಂದ ಆಯಿತು. ಪೆನ್ನು ಅದೇ, ಕಾಗದ ಅದೇ, ಮಗು ಅದೇ. ನಡುವೆ ಒಂದು ಸರ್ಟಿಫಿಕೇಟ್ ಬಂದು ಆಟವನ್ನು ಕೆಲಸ ಮಾಡಿ ಹೋಯಿತು. ನಾಲ್ಕು ವರ್ಷದ ಮಗುವಿಗೆ ಒಂದು ಸಲಕ್ಕೇ ಹೀಗಾದರೆ, ಒಂದನೇ ಕ್ಲಾಸಿನಿಂದ ನಿಮ್ಮ ಅಪ್ರೈಸಲ್‌ವರೆಗೆ ಮೂವತ್ತು ವರ್ಷ ಎಷ್ಟು ಸರ್ಟಿಫಿಕೇಟ್ ಬಂದು ಹೋಗಿರಬಹುದು, ಲೆಕ್ಕ ಹಾಕಿ. ನಿಮ್ಮಲ್ಲಿ ಕೆಲವರಿಗಾದರೂ ಮೊದಲ ಸಲ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಓಡಿದ ದಿನ ನೆನಪಿರಬೇಕು. ಊಟ ಮರೆತುಹೋಗಿತ್ತು. ಅವತ್ತು ಯಾರೂ ದುಡ್ಡು ಕೊಟ್ಟಿರಲಿಲ್ಲ.

ಕನ್ನಡದಲ್ಲಿ ಎರಡು ಪದ ಇವೆ. ಬೇಕು. ಇಷ್ಟ. ನಾವು ಎರಡೂ ಒಂದೇ ಅಂತ ಬಳಸುತ್ತೇವೆ. ತಲೆಯೊಳಗೆ ಇವೆರಡೂ ಬೇರೆ ಬೇರೆ ಅಂತ ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ಮತ್ತು ಜೊತೆಯವರು ಇಲಿಗಳ ಮೇಲೆ ಪ್ರಯೋಗ ಮಾಡಿ 1989ರಲ್ಲಿ ತೋರಿಸಿದರು. ಇಲಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸಿಗದಂತೆ ಮಾಡಿದರು. ಮುಂದೆ ತಿಂಡಿ ಇದ್ದರೂ ಇಲಿ ಹೋಗಿ ತಿನ್ನಲಿಲ್ಲ. ಬೇಕು ಅನ್ನುವುದೇ ಹೋಗಿತ್ತು. ಆದರೆ ಬಾಯಿಗೆ ಸಿಹಿ ನೀರು ಬಿಟ್ಟರೆ ಹಿಂದಿನಂತೆಯೇ ತುಟಿ ಚಪ್ಪರಿಸಿತು. ಇಷ್ಟ ಹಾಗೇ ಉಳಿದಿತ್ತು. ಇದರ ಉಲ್ಟಾ ಕೂಡ ಆಗುತ್ತದೆ. ಇಷ್ಟ ಸಣ್ಣದಾಗಿ, ಬೇಕು ಮಾತ್ರ ಬೆಟ್ಟದಷ್ಟಾಗುತ್ತದೆ. ಚಟ ಹತ್ತಿದವರಲ್ಲಿ ಅದನ್ನೇ ನೋಡುತ್ತೇವೆ. ನನ್ನ ಊಹೆ ಏನೆಂದರೆ ಗೆಲ್ಲುವವರಲ್ಲೂ ಸಣ್ಣ ಪ್ರಮಾಣದಲ್ಲಿ ಅದೇ ಇದೆ. ಇದು ಮೇಷ್ಟ್ರ ಊಹೆ, ವಿಜ್ಞಾನಿಯದಲ್ಲ.

ಹಬ್ಬಕ್ಕಿಂತ ಹಬ್ಬದ ಹಿಂದಿನ ದಿನವೇ ಚೆನ್ನ ಅಂತ ನಮ್ಮಮ್ಮ ಹೇಳುತ್ತಿದ್ದರು. ಇಲಿಗಳ ವಿಷಯ ಅವರಿಗೆ ಗೊತ್ತಿರಲಿಲ್ಲ.

ಅಂದ ಹಾಗೆ ನನಗೂ ಒಂದು ಪ್ರಶಸ್ತಿ ಬಂದಿದೆ. ಜಿಲ್ಲಾ ಮಟ್ಟದ ಉತ್ತಮ ಶಿಕ್ಷಕ. ಶಿಕ್ಷಕರ ದಿನಾಚರಣೆಯಂದು ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಏಳು ವರ್ಷದಿಂದ ಅದಕ್ಕೆ ಕಾದಿದ್ದೆ, ಸುಳ್ಳು ಯಾಕೆ ಹೇಳಲಿ. ಸಾಯಂಕಾಲ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆ. ಒಂದು ಹಂಪ್ಸ್ ಹತ್ತಿರ ಕಿತ್ತಳೆ ಹಣ್ಣು ಉರುಳಿಕೊಂಡು ಡ್ರೈವರ್ ಸೀಟಿನವರೆಗೂ ಹೋಯಿತು. ಕಂಡಕ್ಟರ್ ಎತ್ತಿಕೊಟ್ಟು, "ಏನ್ ಸಾರ್, ಫಂಕ್ಷನ್ನಾ?" ಅಂದ. ಪ್ರಶಸ್ತಿ ಬಂತು ಅಂತ ಹೇಳಲು ಬಾಯಿ ಬರಲಿಲ್ಲ. "ಹೂಂ" ಅಂದೆ. ಮನೆಗೆ ಬಂದೆ. ಹೆಂಡತಿ "ಹೇಗಿತ್ತು?" ಅಂದಳು. ಏನು ಹೇಳಿದೆ ಗೊತ್ತಾ? "ಪರವಾಗಿಲ್ಲ." ಆ ರಾತ್ರಿ ಮಲಗಿಕೊಂಡು ಯೋಚಿಸಿದ್ದು, ಈ ಸಲ ರಾಜ್ಯ ಮಟ್ಟದ್ದು ಯಾರಿಗೆ ಬಂತು ಅಂತ.

ಒಂದು ಎಚ್ಚರಿಕೆ ಹೇಳಬೇಕು. ದುಡ್ಡು, ಹುದ್ದೆ ಎಲ್ಲ ಮಾಯೆ ಅಂತ ಹೇಳಲು ನಾನು ಬಂದಿಲ್ಲ. ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ಎರಡೂ ಇರುತ್ತವೆ. ನಿಮ್ಮಲ್ಲಿ ತುಂಬ ಜನ ಮನೆತನಕ್ಕೇ ಮೊದಲು ತಿಂಗಳ ಸಂಬಳ ತಂದವರು. ಆ ಸಂಬಳದಲ್ಲಿ ಅಪ್ಪನ ಸಾಲ ತೀರಿದೆ, ತಂಗಿಯ ಮದುವೆಯಾಗಿದೆ, ಅಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದೀರಿ. ಅದು ಖಾಲಿ ಗೆಲುವಲ್ಲ. 2010ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್, ವರ್ಷಕ್ಕೆ 75,000 ಡಾಲರ್ ಸುಮಾರಿಗೆ ಅಮೆರಿಕದವರ ದಿನನಿತ್ಯದ ಖುಷಿ ಏರುವುದು ನಿಲ್ಲುತ್ತದೆ ಅಂದಿದ್ದರು. ಆ ಅಂಕಿ ಲೋಕವೆಲ್ಲ ಸುತ್ತಿತು. 2023ರಲ್ಲಿ ಅದೇ ಕಾನೆಮನ್ ತಮ್ಮ ಮಾತನ್ನು ಒಪ್ಪದಿದ್ದ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಲೆಕ್ಕ ಮತ್ತೆ ಮಾಡಿ ತಿದ್ದಿಕೊಂಡರು. ಹೆಚ್ಚಿನವರಿಗೆ ಆದಾಯ ಏರಿದಂತೆ ಖುಷಿಯೂ ಏರುತ್ತಲೇ ಹೋಗುತ್ತದೆ. ಮೊದಲೇ ತುಂಬ ದುಃಖದಲ್ಲಿರುವ ಸಣ್ಣ ಗುಂಪಿನವರಿಗೆ ಮಾತ್ರ ಒಂದು ಮಟ್ಟ ಆದಮೇಲೆ ದುಡ್ಡು ನಾಟುವುದಿಲ್ಲ. ಕಾಸಿಲ್ಲದೆ ಬಂದ ದುಃಖ ಕಾಸು ಬಂದರೆ ಹೋಗುತ್ತದೆ. ಬೇರೆ ಕಡೆಯಿಂದ ಬಂದ ದುಃಖ ಅಲ್ಲೇ ಇರುತ್ತದೆ. ಎದುರಾಳಿಯ ಜೊತೆ ಕೂತು ಸ್ವಂತ ತಪ್ಪು ತಿದ್ದಿಕೊಂಡ ಆ ಮುದುಕರು ನನಗೆ ತುಂಬ ಇಷ್ಟ, ಅವರಿಗೆ ನೊಬೆಲ್ ಬಂದದ್ದಕ್ಕಿಂತ ಜಾಸ್ತಿ ಇಷ್ಟ.

ಮೊದಲು ಸಂಬಳ ತಂದವರಿಗೆ ಇನ್ನೊಂದು ಕಷ್ಟ ಇದೆ. ಖಾಲಿ ಅನ್ನಿಸುತ್ತಿದೆ ಅಂತ ಅವರು ಮನೆಯಲ್ಲಿ ಹೇಳುವ ಹಾಗಿಲ್ಲ. "ನಿನಗೇನು ಕಮ್ಮಿಯಾಗಿದೆ?" ಅನ್ನುತ್ತಾರೆ. ಅದು ಪ್ರಶ್ನೆಯಲ್ಲ, ಬಾಯಿ ಮುಚ್ಚಿಸುವ ಮಾತು. ಅಮ್ಮ ಬೀಡಿ ಕಟ್ಟಿ ಓದಿಸಿದ್ದಾಳೆ. ಅವಳ ಮುಂದೆ ಕೂತು ನನಗೆ ಬೇಜಾರು ಅನ್ನಲು ಯಾವ ಮುಖ? ಹಾಗಾಗಿ ಬೇಜಾರಿನ ಜೊತೆಗೆ ಬೇಜಾರಾಗುತ್ತಿದೆಯಲ್ಲ ಅನ್ನುವ ನಾಚಿಕೆಯೂ ಸೇರುತ್ತದೆ. ನೀವು ಗೆದ್ದದ್ದು ನಿಮಗೊಬ್ಬರಿಗೆ ಅಲ್ಲ, ಹಾಗಾಗಿ ನೀವು ಬೇಸರ ಪಡುವುದೂ ನಿಮ್ಮೊಬ್ಬರ ವಿಷಯವಾಗಿ ಉಳಿಯುವುದಿಲ್ಲ.

ಇಲ್ಲೇ ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ನಾನು ಇಷ್ಟು ಹೊತ್ತು ಹೇಳಿದ್ದು "ಪರವಾಗಿಲ್ಲ" ಅನ್ನುವ ಬೇಸರದ ಬಗ್ಗೆ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕುವುದೇ ಬೇಡ ಅನ್ನಿಸುತ್ತದೆ ಅಂದರೆ ಅದು ಕಾಯಿಲೆ. ಅದಕ್ಕೆ ಪಂಪ, ಪುರಾಣ, ನಿವೃತ್ತ ಮೇಷ್ಟ್ರು ಯಾರೂ ಆಗಿಬರುವುದಿಲ್ಲ. ಡಾಕ್ಟರ್ ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಬೆನ್ನೆಲುಬಾಗಿ ನಿಂತಿರುವುದು ಇಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್. ನಂಬರನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ. ನಿಮಗೆ ಬೇಕಾಗದಿದ್ದರೆ ಪಕ್ಕದ ಸೀಟಿನವರಿಗೆ ಬೇಕಾಗಬಹುದು.

ಸರಿ, ಚಕ್ರವನ್ನು ಬಾಗಿಲಲ್ಲೇ ಬಿಟ್ಟು ಬಂದೆವು. ತಮ್ಮಂದಿರಲ್ಲಿ ಬಾಹುಬಲಿ ಬಿಟ್ಟು ಉಳಿದವರು ರಾಜ್ಯ ತೊರೆದು ತಪಸ್ಸಿಗೆ ಹೋದರು. ಬಾಹುಬಲಿ ಮಾತ್ರ ಯುದ್ಧಕ್ಕೆ ಬಂದ. ಸೈನ್ಯ ಸಾಯುವುದು ಬೇಡ, ಅಣ್ಣ ತಮ್ಮ ಇಬ್ಬರೇ ಅಂತ ತೀರ್ಮಾನವಾಯಿತು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಭರತ ಸಿಟ್ಟಿನಲ್ಲಿ ಚಕ್ರ ಬಿಟ್ಟ. ಅದು ಬಾಹುಬಲಿಗೆ ಸುತ್ತು ಹಾಕಿ ಅವನ ಪಕ್ಕದಲ್ಲೇ ನಿಂತಿತು. ಗೆದ್ದ ಆ ಗಳಿಗೆಯಲ್ಲೇ ಬಾಹುಬಲಿಗೆ ಎಲ್ಲದರ ಮೇಲೆ ಹೇಸಿಗೆ ಬಂತು. ರಾಜ್ಯವನ್ನು ಸೋತವನಿಗೇ ಕೊಟ್ಟು ಕಾಡಿಗೆ ಹೊರಟ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚಪ್ಪಾಳೆ ಬರುತ್ತದೆ. ರಾಜೀನಾಮೆ ಕೊಟ್ಟು ಸಕಲೇಶಪುರದಲ್ಲಿ ಹೋಮ್‌ಸ್ಟೇ ಮಾಡಿ ಅಂತ ನಾನು ಹೇಳಿದಂತಾಗುತ್ತದೆ. ಆದರೆ ಕಥೆ ಇನ್ನೂ ಇದೆ. ಬಾಹುಬಲಿ ಒಂದು ವರ್ಷ ಅಲ್ಲಾಡದೆ ನಿಂತ. ಕಾಲ ಹತ್ತಿರ ಹುತ್ತ ಬೆಳೆಯಿತು, ಮೈಗೆ ಬಳ್ಳಿ ಹಬ್ಬಿತು. ಶ್ರವಣಬೆಳಗೊಳದ ಆ 58 ಅಡಿಯ ಮೂರ್ತಿಯ ತೋಳಿನಲ್ಲಿ ಆ ಬಳ್ಳಿಗಳನ್ನು ನೀವು ನೋಡಿರುತ್ತೀರಿ. ಚಾವುಂಡರಾಯ ಮಾಡಿಸಿದ್ದು, 981ರಲ್ಲಿ. ಅಷ್ಟು ಕಠಿಣ ತಪಸ್ಸು ಮಾಡಿದರೂ ಕೇವಲಜ್ಞಾನ, ಅಂದರೆ ಜೈನರು ಹೇಳುವ ಪರಿಪೂರ್ಣ ಜ್ಞಾನ, ಬರಲಿಲ್ಲವಂತೆ. ಯಾಕೆ? ನಾನು ನಿಂತಿರುವ ನೆಲವೂ ಅಣ್ಣನದೇ ಅಲ್ಲವಾ ಅನ್ನುವ ಮುಳ್ಳೊಂದು ಒಳಗೆ ಚುಚ್ಚುತ್ತಿತ್ತು ಅಂತ ನಮ್ಮ ಕಡೆ ಹೇಳುತ್ತಾರೆ. ಹೊರಗಡೆ ಬಳ್ಳಿ ಹಬ್ಬಿದೆ, ಒಳಗಡೆ ಇನ್ನೂ ಲೆಕ್ಕ ನಡೆಯುತ್ತಿದೆ. ಆಮೇಲೆ ಭರತನೇ ಬಂದು ಕೈಮುಗಿದ. ಆಗ ಮುಳ್ಳು ಕಳಚಿತು.

ಕೆಲಸ ಬಿಟ್ಟು ಹೋದ ನನ್ನ ಶಿಷ್ಯರಲ್ಲಿ ಕೆಲವರನ್ನು ನೋಡಿದ್ದೇನೆ. ಒಬ್ಬ ಸಾವಯವ ಕೃಷಿ ಮಾಡುತ್ತಾನೆ. ಪಕ್ಕದ ತೋಟದವನ ವಿಡಿಯೋಗೆ ಎಷ್ಟು ವ್ಯೂಸ್ ಬಂತು ಅಂತ ದಿನಾ ನೋಡುತ್ತಾನೆ.

ನಾನು? ನಿವೃತ್ತಿಯಾದ ಮೇಲೆ ಕೊಳಲು ಕಲಿಯಲು ಹೋದೆ. 60 ದಾಟಿದ ಮೇಲೆ, ಅದೂ ಉಸಿರು ಸಾಲದ ವಯಸ್ಸಿನಲ್ಲಿ. ತುಂಬ ಕೆಟ್ಟದಾಗಿ ನುಡಿಸುತ್ತೇನೆ. ಮೊದಲ ಮೂರು ತಿಂಗಳು ಸ್ವರವೇ ಬರಲಿಲ್ಲ, ಬರೀ ಗಾಳಿ. ಜೀವನದಲ್ಲಿ ಮೊದಲ ಸಲ ನನಗೆ ಬರದೇ ಇರುವ ಒಂದು ಕೆಲಸವನ್ನು ಬಿಡದೆ ಮಾಡುತ್ತಿದ್ದೇನೆ. ಅದರಲ್ಲೊಂದು ವಿಚಿತ್ರ ಆರಾಮ ಇದೆ. ಹೋದ ವರ್ಷ ಮೊಮ್ಮಗಳು, "ತಾತ, ಜೂನಿಯರ್ ಎಕ್ಸಾಂ ಕಟ್ಟು" ಅಂದಳು. ಇಲ್ಲಪ್ಪ, ಬೇಡ ಅಂದೆ. ಅಂದು, ಎರಡು ದಿನ ಯಾರಿಗೂ ಗೊತ್ತಾಗದ ಹಾಗೆ ಸಿಲಬಸ್ ನೋಡಿದೆ.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.

* * *

ಇಲ್ಲಿಂದ ಆಮೇಲೆ ಬರೆದದ್ದು.

ಮೊದಲ ಪ್ರಶ್ನೆ ಹಿಂದಿನ ಸಾಲಿನ ಹುಡುಗನದು. "ಸರ್, ಇಷ್ಟರಲ್ಲೇ ತೃಪ್ತಿ ಅಂದುಬಿಟ್ಟರೆ ಓಟ ನಿಂತುಹೋಗುತ್ತಲ್ವಾ?" ಚಿತ್ರ ಬರೆಯುವ ಮಕ್ಕಳನ್ನು ನೆನಪಿಸಿದೆ. ಸರ್ಟಿಫಿಕೇಟಿನ ಆಸೆ ಇಲ್ಲದವರು ಪೆನ್ನು ಬಿಡಲಿಲ್ಲ, ಬಿಟ್ಟದ್ದು ಆಸೆ ಹತ್ತಿಸಿಕೊಂಡವರು. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. "ಅವು ಮಕ್ಕಳು ಸರ್, ಅವಕ್ಕೆ ಇಎಂಐ ಇಲ್ಲ" ಅಂದ. ಎಲ್ಲರೂ ನಕ್ಕರು. ನಾನೂ.

ಆಮೇಲೆ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಮೈಕ್ ತಗೊಳ್ಳಲಿಲ್ಲ. "ಸರ್, ನಾನು ಏನು ಮಾಡಿದರೂ ನಮ್ಮಪ್ಪನಿಗೆ ಸಾಲುತ್ತಿರಲಿಲ್ಲ. ಒಂದು ಸಲವಾದರೂ ಸಾಕು ಅನ್ನಿಸಬೇಕು ಅಂತಲೇ ಇಷ್ಟೆಲ್ಲ ಓದಿದ್ದು. ಹೋದ ವರ್ಷ ಅವರು ಹೋಗಿಬಿಟ್ಟರು. ಈಗ ಯಾರಿಗೆ ತೋರಿಸಲಿ?"

ಹಾಲ್ ಸುಮ್ಮನಾಯಿತು. ಎ.ಸಿ. ಸದ್ದು ಕೇಳಿಸುತ್ತಿತ್ತು. ನನ್ನ ಹತ್ತಿರ ಕಥೆ ಇರಲಿಲ್ಲ, ಪ್ರಯೋಗ ಇರಲಿಲ್ಲ. "ಗೊತ್ತಿಲ್ಲಮ್ಮ" ಅಂದೆ. ಕಾಫಿ ಹೊತ್ತಿನಲ್ಲಿ ಅವಳೇ ಹತ್ತಿರ ಬಂದಳು. ಅಪ್ಪ ಏನು ಕೆಲಸದಲ್ಲಿದ್ದರು ಅಂತ ಕೇಳಿದೆ. "ಮೇಷ್ಟ್ರು ಸರ್. ಗಣಿತ" ಅಂದಳು. ಕಪ್ ಕೆಳಗಿಟ್ಟೆ. "ಅವರ ಪರವಾಗಿ ನಾನು ಹೇಳಿದರೆ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಸಾಕಮ್ಮ, ಚೆನ್ನಾಗಿ ಮಾಡಿದ್ದೀಯ" ಅಂದೆ. ಅವಳು ತಲೆಯಾಡಿಸಿದಳು. ನಡೆಯಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಹೊರಡುವಾಗ ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯಲ್ಲಿ ಈ ಸಲ ಡ್ರ್ಯಾಗನ್ ಫ್ರೂಟ್ ಇತ್ತು.

ಮೂರು ದಿನ ಬಿಟ್ಟು, ನನ್ನನ್ನು ಕರೆಯಲು ಫೋನ್ ಮಾಡಿದ್ದ ಹುಡುಗನ ವಾಟ್ಸ್ಆಪ್ ಮೆಸೇಜು ಬಂತು. ಅವರ ಕಂಪನಿಯಲ್ಲಿ ಯಾರೇ ಬಂದು ಮಾತಾಡಿದರೂ ಕೇಳಿದವರಿಂದ ಅಂಕ ಹಾಕಿಸುತ್ತಾರಂತೆ. "ಸರ್, ನಿಮಗೆ ಐದಕ್ಕೆ 4.6 ಬಂದಿದೆ. ತುಂಬ ಒಳ್ಳೆಯ ರೇಟಿಂಗ್." ಥ್ಯಾಂಕ್ಸ್ ಅಂತ ಬರೆದು ಕಳಿಸಿದೆ. ಎರಡು ನಿಮಿಷ ಬಿಟ್ಟು, ಹೋದ ವರ್ಷ ಬಂದವರಿಗೆ ಎಷ್ಟು ಬಂದಿತ್ತಪ್ಪ ಅಂತ ಕೇಳಿದೆ.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ, "ಉಳಿದ ಪಾಯಿಂಟ್ ನಾಲ್ಕು ಎಲ್ಲಿ ಹೋಯ್ತು ಅಂತಾನೂ ಕೇಳ್ರಿ" ಅಂದಳು.